ಯಾವುದಕ್ಕೆ ಮೊದಲ ಸ್ಥಾನ?



ಮೌಲ್ಯ ಅಂದರೆ ಬೆಲೆ. ಅಕ್ಕಿಗೆ, ಬಂಗಾರಕ್ಕೆ ಬೆಲೆ ಇರುವಂತೆ ಸತ್ಯ, ಮರ್ಯಾದೆ, ಸ್ನೇಹ, ನೆಮ್ಮದಿ ಇವಕ್ಕೂ ನಾವು ಮನಸ್ಸಿನಲ್ಲೇ ಬೆಲೆ ಕಟ್ಟಿರುತ್ತೇವೆ. ಇವುಗಳಲ್ಲಿ ಯಾವುದನ್ನೂ ಬೇಡ ಅನ್ನುವವರಿಲ್ಲ. ಹಾಗಾದರೆ ಒಬ್ಬರ ಬದುಕು ಇನ್ನೊಬ್ಬರಂತೆ ಯಾಕಿಲ್ಲ?

ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್ಟನ್ ರೋಕೀಚ್ 1973ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಬದುಕಿನ ಗುರಿಗಳು 18, ನಡೆ-ನುಡಿಯ ಗುಣಗಳು 18 ಎಂದು ಪಟ್ಟಿ ಮಾಡಿ, ನಿಮಗೆ ಮುಖ್ಯವಾದದ್ದನ್ನು ಮೊದಲಿಟ್ಟು ಜೋಡಿಸಿ ಎಂದು ಜನರನ್ನು ಕೇಳಿದರು. ಎಲ್ಲರಲ್ಲೂ ಇರುವುದು ಅವೇ ಮೌಲ್ಯಗಳು, ಬೇರೆಯಾಗುವುದು ಅವುಗಳ ಸ್ಥಾನ ಎನ್ನುವುದು ಅವರ ವಿಚಾರ.

ನಮ್ಮ ಸಂಘದ ಸಭೆಯನ್ನೇ ನೋಡಿ. ಗೆಳತಿ ಮೂರು ಕಂತು ಕಟ್ಟಿಲ್ಲ. ಕೇಳಿದರೆ ಸ್ನೇಹ ಕೆಡುತ್ತದೆ, ಸುಮ್ಮನಿದ್ದರೆ ಉಳಿದವರ ದುಡ್ಡಿಗೆ ಪೆಟ್ಟು. ಸ್ನೇಹವೂ ಒಳ್ಳೆಯದೇ, ನ್ಯಾಯವೂ ಒಳ್ಳೆಯದೇ. ಕಷ್ಟ ಇರುವುದೇ ಇಲ್ಲಿ. ಒಳ್ಳೆಯದು-ಕೆಟ್ಟದ್ದರ ನಡುವೆ ಆರಿಸುವುದು ಸುಲಭ, ಎರಡು ಒಳ್ಳೆಯದರ ನಡುವೆ ಆರಿಸುವಾಗ ನಾವು ಯಾರು ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ನಾವು ಸ್ನೇಹ ಅಂತ ಹೇಳಿಕೊಳ್ಳುವುದು ಬರೀ ಹೆದರಿಕೆ ಆಗಿರುತ್ತದೆ, ಅದೂ ನಿಜ.

ಮಗಳ ಓದು ಮುಖ್ಯ ಅನ್ನುತ್ತೇವೆ. ಸಾಲದ ಪುಸ್ತಕದಲ್ಲಿ ಓದಿಗೆ ಎಷ್ಟು, ಮದುವೆ-ಹಬ್ಬಕ್ಕೆ ಎಷ್ಟು? ಆ ಮದುವೆ ಖರ್ಚು ನಮ್ಮ ಆಸೆಯೋ, 'ನಾಲ್ಕು ಜನ ಏನಂದಾರು' ಎಂಬ ಅಂಜಿಕೆಯೋ?

ಮುಂದಿನ ಸಭೆಯಲ್ಲಿ ಓದು, ಆರೋಗ್ಯ, ಮರ್ಯಾದೆ, ಸ್ನೇಹ, ನ್ಯಾಯ ಎಂದು ಐದು ಚೀಟಿ ಬರೆಯಿರಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಲಿ, ಆದರೆ ಜೋಡಿಸುವುದು ಅವರವರೇ. ಆಮೇಲೆ ಕಳೆದ ವರ್ಷದ ಸಾಲದ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟು ನೋಡಿ.