ಕೋಟೆಯ ನಾಡಿನಲ್ಲಿ ಡೇರೆಯ ವಾಸ

ಕಲಬುರಗಿ ಎಂದೊಡನೆ ಕಣ್ಣೆದುರು ನಿಲ್ಲುವುದು ಕೋಟೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದ ಮೇಲೆ ಅದರ ಮೊದಲ ರಾಜಧಾನಿಯಾಗಿದ್ದ ಈ ಊರಿನಲ್ಲಿ ಕಂದಕ, ಬುರುಜು, 1367ರ ಜಾಮಿಯಾ ಮಸೀದಿ ಎಲ್ಲವೂ ಕಲ್ಲಿನವು. ಆದರೆ ಆ ಕೋಟೆಯನ್ನು ಆಳಿದವರೇ ದಂಡಯಾತ್ರೆಗೋ ಬೇಟೆಗೋ ಹೊರಟರೆ ಬಟ್ಟೆಯ ಗೋಡೆಗಳೊಳಗೆ ಬದುಕುತ್ತಿದ್ದರು. ಫಿರೋಜ್ ಷಾ ಬಹಮನಿ 1400ರ ಸುಮಾರಿಗೆ ಭೀಮಾ ದಂಡೆಯಲ್ಲಿ ಕಟ್ಟಿಸಿದ ಫಿರೋಜಾಬಾದ್, ದಂಡಿನ ಬಿಡಾರವೇ ಕಲ್ಲಾಗಿ ನಿಂತಂತಿದೆ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ.

ಆ ಬಿಡಾರಗಳು ಹೋದರೂ ಮಾತುಗಳು ಉಳಿದಿವೆ. ಡೇರೆ, ತಂಬು, ಮೊಕ್ಕಾಂ ಎಂಬ ಪದಗಳು ಇಂದಿಗೂ ಬಳಕೆಯಲ್ಲಿವೆ. ‘ಉರ್ದು’ ಎಂಬ ಶಬ್ದದ ಮೂಲಾರ್ಥವೇ ಪಾಳೆಯ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸಾಗುತ್ತಿದ್ದ ಲಂಬಾಣಿಗರ ಬಿಡಾರಗಳೇ ಮುಂದೆ ನೆಲೆಯೂರಿ ತಾಂಡಾಗಳಾದವು. ಚಿಂಚೋಳಿ, ಕಮಲಾಪುರದ ಕಡೆ ಅಂಥ ತಾಂಡಾಗಳು ಇಂದಿಗೂ ಹಲವು.

ಬೇಟೆಯ ಡೇರೆ ಹಕ್ಕಿ ನೋಡುವವರ ಡೇರೆಯಾದದ್ದು ಈಚಿನ ಸಂಗತಿ. ಪಕ್ಷಿವಿಜ್ಞಾನಿ ಸಲೀಂ ಅಲಿ 1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಲಬುರಗಿ ಆಗ ಅದೇ ಸಂಸ್ಥಾನದ ಭಾಗ. ಆ ದಿನಗಳಲ್ಲಿ ಸಮೀಕ್ಷೆಗೂ ಬಂದೂಕು ಬೇಕಿತ್ತು. ದುರ್ಬೀನು ಹಿಡಿದು ಹಕ್ಕಿಯನ್ನು ನೋಡಿ ತೃಪ್ತಿಪಡುವ ಹವ್ಯಾಸ ಬೆಳೆದದ್ದು ಆಮೇಲೆ. 1980ರಲ್ಲಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಆರಂಭಿಸಿತು. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಂಥ ಕಡೆಗಳಲ್ಲಿ ಅದು ಡೇರೆ ವಾಸವನ್ನು ಸಾಮಾನ್ಯ ಪ್ರವಾಸಿಗೂ ಪರಿಚಯಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳೂ ಅತಿಥಿಗಳಿಗೆ ಬಾಗಿಲು ತೆರೆದವು. ಕಾಫಿಗೆ ನೆರಳು ಬೇಕು; ಆ ನೆರಳಿನ ಹಳೆಯ ಮರಗಳಲ್ಲಿ ಕಾಡಿನ ಹಕ್ಕಿಗಳೂ ತಂಗುತ್ತವೆ.

ಆದರೆ ಕಲಬುರಗಿ ಮಲೆನಾಡಲ್ಲ. ಇಲ್ಲಿನ ತೋಟ ಎಂದರೆ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಮಲಾಪುರದ ಕೆಂಬಾಳೆಯ ತೋಟ. ನೀರುಂಡು ಬೆಳೆಯುವ ಈ ಬಾಳೆಯ ಮೂತಿಗೆ ಸೂರಕ್ಕಿ ಮಕರಂದ ಅರಸಿ ಬರುತ್ತದೆ, ಬದುವಿನ ಮೇಲೆ ಮಡಿವಾಳ ಹಕ್ಕಿ ಬಾಲ ಕುಣಿಸುತ್ತದೆ. ಬೆಳಗಿನ ಹೊತ್ತು ತೋಟದಲ್ಲಿ ಸುಮ್ಮನೆ ಕುಳಿತವರಿಗೆ ಇವು ಕಾಣಸಿಗುತ್ತವೆ.

ತೋಟದ ಬೇಲಿ ದಾಟಿದರೆ ಬೇರೆಯೇ ಲೋಕ. ತೊಗರಿಯ ಎರೆ ಹೊಲ, ಕಲ್ಲುಗುಡ್ಡ, ಕುರುಚಲು, ಹುಲ್ಲುಬಯಲು. 2011ರಲ್ಲಿ ಘೋಷಣೆಯಾದ, 134.88 ಚದರ ಕಿ.ಮೀ. ವಿಸ್ತಾರದ ಚಿಂಚೋಳಿ ವನ್ಯಜೀವಿಧಾಮ ಇಂಥ ಒಣನಾಡಿನ ಕಾಡು. ಚಂದ್ರಂಪಳ್ಳಿ ಜಲಾಶಯ ಇರುವುದೂ ಇಲ್ಲಿಯೇ. ತೋಳ, ಕತ್ತೆಕಿರುಬ ಇಲ್ಲಿನ ನಿವಾಸಿಗಳು. ಬಯಲಿನಲ್ಲಿ ಗೌಜುಗ, ಟಿಟ್ಟಿಭ, ನೆಲಗುಬ್ಬಿಗಳಿಗೆ ನೆಲವೇ ಮನೆ. ಮೊಟ್ಟೆ ಇಡುವುದೂ ನೆಲದ ಮೇಲೆಯೇ. ಚಳಿಗಾಲದಲ್ಲಿ ದಖ್ಖಣದ ಹುಲ್ಲುಗಾವಲಿಗೆ ದೂರದ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವಗಳು ರಾತ್ರಿ ಮಲಗುವುದೂ ಹುಲ್ಲಿನ ನಡುವೆ.

ಪ್ರಶ್ನೆ ಇರುವುದು ಇಲ್ಲಿ. ಹಸಿರು ಎಂದರೆ ಮರ ಎಂದೇ ನಾವು ತಿಳಿದಿದ್ದೇವೆ. ಮರವಿಲ್ಲದ ನೆಲ ಕಂದಾಯದ ಲೆಕ್ಕದಲ್ಲಿ ‘ಬೀಳು’, ಜನರ ಬಾಯಲ್ಲಿ ‘ಬರಡು’. ಹೀಗಾಗಿ ಅಲ್ಲಿ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಎದ್ದವು. ತಂಪಾದ ತೋಪಿನಲ್ಲಿ ಡೇರೆ ಹಾಕಿದರೆ ಪ್ರವಾಸಿಗೆ ಹಿತ, ನಿಜ. ಆದರೆ ಬಯಲನ್ನು ನಂಬಿದ ನೆಲಗುಬ್ಬಿ ಅಲ್ಲಿರುವುದಿಲ್ಲ. ಒಂದು ಕಾಲಕ್ಕೆ ದಖ್ಖಣದ ಬಯಲಿನಲ್ಲಿ ಓಡಾಡುತ್ತಿದ್ದ ಎರ್ಲಡ್ಡು ಬೇಟೆಗೆ ಬಲಿಯಾಯಿತು, ಹುಲ್ಲುಗಾವಲು ಕರಗಿದಂತೆ ನೆಲೆಯನ್ನೂ ಕಳೆದುಕೊಂಡಿತು. ಇಂದು ರಾಜ್ಯದಲ್ಲಿ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ.

ಇಂಥ ನೆಲಕ್ಕೆ ಡೇರೆ ಒಪ್ಪುವ ವಸತಿ. ಅದಕ್ಕೆ ಪಾಯ ತೋಡಬೇಕಿಲ್ಲ, ನೆಲಕ್ಕೆ ಕಾಂಕ್ರೀಟು ಸುರಿಯಬೇಕಿಲ್ಲ; ಗೂಟ ಕಿತ್ತರೆ ಒಂದು ಮಳೆಗಾಲದಲ್ಲಿ ಹುಲ್ಲು ಮತ್ತೆ ಬರುತ್ತದೆ. ಆದರೆ ಡೇರೆಯ ಸುತ್ತ ರಾತ್ರಿಯಿಡೀ ದೀಪ, ಧ್ವನಿವರ್ಧಕ, ತಂತಿಬೇಲಿ ಬಂದರೆ ಈ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ವಾಸಕ್ಕೆ ತೋಟದ ಅಂಚು ಸಾಕು. ಬಯಲಿಗೆ ಬೆಳಗು, ಸಂಜೆ ಕಾಲ್ನಡಿಗೆಯಲ್ಲಿ ಹೋಗಿ ಬಂದರಾಯಿತು.

ಕಾಲವನ್ನೂ ನೋಡಬೇಕು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಇಲ್ಲಿ ಡೇರೆ ಒಲೆಯಾಗುತ್ತದೆ. ಹಿತವಾಗಿರುವುದು ನವೆಂಬರಿನಿಂದ ಫೆಬ್ರುವರಿವರೆಗೆ. ವಲಸೆ ಹಕ್ಕಿಗಳು ಬಂದಿಳಿದಿರುವುದೂ ಅದೇ ತಿಂಗಳುಗಳಲ್ಲಿ. ಹೊರಟವರು ದುರ್ಬೀನಿನ ಜೊತೆಗೆ ಒಂದು ಎಚ್ಚರವನ್ನೂ ಒಯ್ದರೆ ಒಳಿತು: ಬರಡೆಂದು ತುಳಿದು ಹೋಗುವ ನೆಲದಲ್ಲಿ, ಹೆಂಟೆಯ ಮಗ್ಗುಲಿಗೇ, ಮಣ್ಣಿನ ಬಣ್ಣದ ಮೊಟ್ಟೆ ಇದ್ದೀತು.