ಹಲ್ಲುನೋವಿಗೂ ಮಳೆಗೆ ಮೊದಲೇ ಮದ್ದು

“ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ.” ಹಲ್ಲಿನ ವಿಚಾರ ಬಂದಾಗ ನಾವು ಬೆಳೆಗಾರರು ಹೇಳುವ ಮಾತು ಇದೊಂದೇ. ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ಅಡಿಕೆ ಸುಲಿತ, ಅದಾದ ಮೇಲೆ ಕಸಿ, ಅಷ್ಟರಲ್ಲಿ ಮಳೆ. ನೋವು ಮಾತ್ರ ನಮ್ಮ ಬಿಡುವನ್ನು ಕಾಯುವುದಿಲ್ಲ. ನಡುರಾತ್ರಿ ದವಡೆ ಹಿಡಿದು ಕುಳಿತವನಿಗೆ ಪೇಟೆ ಎಷ್ಟು ದೂರವೆಂಬುದು ಆಗಲೇ ಗೊತ್ತಾಗುವುದು.

ಕಾಯಿ ಉದುರಲು ತೊಡಗಿದ ಮೇಲೆ ಕೊಳೆರೋಗಕ್ಕೆ ಬೋರ್ಡೋ ಹೊಡೆದರೆ ಎಷ್ಟು ಫಲವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಗಾರು ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆಯುತ್ತೇವೆ. ಹಲ್ಲಿನದೂ ಇದೇ ಲೆಕ್ಕ. ಹಲ್ಲಿನ ಹೊರಗವಚಕ್ಕೆ ನರವಿಲ್ಲ. ಆದ್ದರಿಂದ ಹುಳುಕು ಅಲ್ಲಿರುವ ತನಕ ನೋವೇ ಇರುವುದಿಲ್ಲ. ಸುಣ್ಣದಂಥ ಬಿಳಿ ಮಚ್ಚೆಯಿದ್ದಾಗಲೇ ಎಚ್ಚೆತ್ತರೆ ತಡೆಯಬಹುದು, ಸಣ್ಣ ಕುಳಿಯಾದರೆ ತುಂಬಿಸಬಹುದು. ನೋವು ನಿದ್ದೆ ಕೆಡಿಸುವ ಹೊತ್ತಿಗೆ ಅದು ಒಳಗಿನ ನರವನ್ನು ಮುಟ್ಟಿರುತ್ತದೆ. ಆಗ ಉಳಿಯುವುದು ಬೇರಿನ ಚಿಕಿತ್ಸೆ, ಇಲ್ಲವೇ ಕೀಳಿಸುವುದು.

ಹಲ್ಲಿನ ಮೇಲೆ ಕಟ್ಟುವ ಲೋಳೆಯಲ್ಲಿ ಸೂಕ್ಷ್ಮಜೀವಿಗಳಿವೆ. ನಾವು ತಿಂದ ಸಿಹಿಯನ್ನು ಅವು ಆಮ್ಲವಾಗಿ ಮಾಡುತ್ತವೆ. ಜೊಲ್ಲು ಆ ಆಮ್ಲವನ್ನು ತೊಳೆದು ತಣಿಸಲು ಸುಮಾರು ಅರ್ಧ ಗಂಟೆ ಬೇಕು. ಆದುದರಿಂದ ಎಷ್ಟು ಸಿಹಿ ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದು ಮುಖ್ಯ. ಊಟದ ಜೊತೆ ಒಂದು ಹೋಳಿಗೆ ತಿಂದವನಿಗಿಂತ ದಿನಕ್ಕೆ ಆರು ಸಲ ಬೆಲ್ಲದ ಕಾಫಿ ಗುಟುಕರಿಸುವವನ ಹಲ್ಲಿಗೆ ಅಪಾಯ ಹೆಚ್ಚು. (ಕಾಫಿ ಬೆಳೆಗಾರರಾಗಿ ಇಷ್ಟು ಹೇಳಲೇಬೇಕು: ಇಲ್ಲಿ ತಪ್ಪು ಕಾಫಿಯದಲ್ಲ, ಬೆಲ್ಲದ್ದು.)

ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಹಾಗಾಗಿ ರಾತ್ರಿ ಮಲಗುವ ಮುಂಚಿನ ಉಜ್ಜುವಿಕೆಯನ್ನು ತಪ್ಪಿಸಲೇಬಾರದು. ಫ್ಲೋರೈಡ್ ಇರುವ ಪೇಸ್ಟು, ಮೆತ್ತನೆಯ ಬ್ರಷ್ಷು, ಎರಡು ನಿಮಿಷ; ಉಗುಳಿದ ಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯುತ್ತದೆ. ಉಮಿಕರಿ, ಇಟ್ಟಿಗೆ ಪುಡಿಗಳು ಹಲ್ಲನ್ನು ಬೆಳ್ಳಗೆ ಮಾಡಿದಂತೆ ಕಂಡರೂ ಗವಚವನ್ನೇ ಸವೆಸುತ್ತವೆ. ಒಸಡಿನಲ್ಲಿ ರಕ್ತ ಬಂತೆಂದು ಉಜ್ಜುವುದನ್ನು ಬಿಡುವವರಿದ್ದಾರೆ. ಬಿಟ್ಟರೆ ಅದು ಇನ್ನೂ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಒಸಡನ್ನು ಇನ್ನಷ್ಟು ಗಮನಿಸಬೇಕು.

ಮಕ್ಕಳ ವಿಷಯದಲ್ಲಿ ಒಂದು ತಪ್ಪು ಮನೆಮನೆಯಲ್ಲೂ ನಡೆಯುತ್ತದೆ. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದು ಅದಕ್ಕೆ ಜಾಗ ಕೊಡುವುದಿಲ್ಲವಾದ್ದರಿಂದ ಇದೂ ಹಾಲುಹಲ್ಲೇ, ಬಿದ್ದುಹೋಗುತ್ತದೆ ಎಂದುಕೊಳ್ಳುತ್ತೇವೆ. ಅದು ಆಯುಷ್ಯಕ್ಕೆಲ್ಲ ಇರಬೇಕಾದ ಹಲ್ಲು. ಅದರ ಮೇಲಿನ ಸಂದುಗಳನ್ನು ದಂತವೈದ್ಯರು ತೆಳುವಾದ ಲೇಪ ಹಾಕಿ ಮುಚ್ಚಬಲ್ಲರು. ಕೊರೆಯುವುದೂ ಇಲ್ಲ, ನೋವೂ ಇಲ್ಲ.

ಇನ್ನು ನಮ್ಮ ಬೆಳೆಯದೇ ಮಾತು. ಬರೆಯಲು ಮನಸ್ಸಿಲ್ಲ, ಆದರೂ ಬರೆಯದೆ ಇರಲಾಗದು. ಅಡಿಕೆ ಒಣಗಿತೋ ಎಂದು ಹಲ್ಲಲ್ಲಿ ಕಡಿದು ನೋಡುವ ಚಟದಿಂದ ಹಲ್ಲು ಸೀಳುತ್ತದೆ, ಕತ್ತಿ ಇದೆಯಲ್ಲ! ಅದಕ್ಕಿಂತ ದೊಡ್ಡದು ಜಗಿಯುವ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ನಮ್ಮಲ್ಲಿ ಇದಕ್ಕೆ ಎಷ್ಟು ಆಕ್ಷೇಪಗಳಿದ್ದರೂ, ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದೆ ಹೋಗುವುದನ್ನು ಅಲ್ಲಗಳೆಯಲಾಗದು. ಖಾರ ತಿಂದರೆ ಬಾಯಿ ಉರಿಯುವುದು, ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮೂರನ್ನು ಹಲ್ಲುಗಳ ನಡುವೆ ಹಿಡಿಸಲಾಗದಿರುವುದು ಇದರ ಲಕ್ಷಣ. ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆಗಳನ್ನೂ ತೋರಿಸಬೇಕು.

ಹಲ್ಲು ನೋಯುವಾಗ ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿ ಇಡಬೇಡಿ, ಚರ್ಮ ಸುಡುತ್ತದೆ. ಲವಂಗದ ಎಣ್ಣೆಯೂ ಹತ್ತಿಯಲ್ಲಿ ಒಂದು ಹನಿ, ಅದೂ ಹಲ್ಲಿನ ಕುಳಿಗೆ ಮಾತ್ರ. ಇವು ಒಂದು ರಾತ್ರಿ ಕಳೆಯಲು ಸಾಕು, ರೋಗ ಹಾಗೆಯೇ ಇರುತ್ತದೆ. ಆದರೆ ದವಡೆಯ ಕೆಳಗೆ ಬಾವು, ಜ್ವರ, ನುಂಗಲು ಕಷ್ಟ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಆ ಬಾವು ಉಸಿರಿನ ದಾರಿಯನ್ನೇ ಮುಚ್ಚಬಲ್ಲದು.