ಹದಿನೈದು ತುಂಬಿದ ಬೈಕು: ಓಡ್ತೈತೆ ಸರಿ, ಪಾಸಾಗ್ತೈತಾ?

ಕೆಂಚಾರ್ಲಹಳ್ಳಿ: ಈ ಹೋಬಳಿಯಲ್ಲಿ ಮೋಟಾರ್ ಸೈಕಲ್ ಅಂದರೆ ಷೋಕಿಯಲ್ಲ, ದುಡಿಯುವ ಎತ್ತು. ಬೆಳಗಾದರೆ ಡೈರಿಗೆ ಹಾಲಿನ ಕ್ಯಾನು, ಆಮೇಲೆ ಚಿಂತಾಮಣಿ ಮಂಡಿಗೆ ಟೊಮೆಟೊ, ಗೂಡು ಬಿಡಿಸಿದ ದಿನ ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆಗೆ ಓಟ, ಸಾಯಂಕಾಲ ಅಂಗಡಿಗೆ ಸಾಮಾನು. ಅರ್ಧ ದಾರಿ ಟಾರು, ಇನ್ನರ್ಧ ಕಲ್ಲುಮಣ್ಣು. ಇಂಥ ಗಾಡಿಗೆ ಹದಿನೈದು ವರ್ಷ ತುಂಬಿತು ಅಂದರೆ ಅದರ ಮೈಯಲ್ಲಿ ಏನು ಉಳಿದಿರುತ್ತೆ, ಯೋಚಿಸಿ.

ಮಾಲೀಕನನ್ನು ಕೇಳಿದರೆ ಒಂದೇ ಮಾತು: "ಓಡ್ತೈತಲ್ಲ ಸ್ವಾಮಿ!" ಓಡುತ್ತೆ, ನಿಜ. ಆದರೆ ಕಾನೂನು ಕೇಳೋದು ಓಡುತ್ತಾ ಅಂತಲ್ಲ, ನಿಲ್ಲುತ್ತಾ ಅಂತ.

1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸ್ವಂತ ಬಳಕೆಯ ಗಾಡಿಯ ಆರ್.ಸಿ.ಗೆ ಆಯಸ್ಸು 15 ವರ್ಷ. ಅದು ಮುಗಿಯುವ ಮುಂಚಿನ 60 ದಿನದೊಳಗೆ ಫಾರಂ 25 ತುಂಬಿ, ಗಾಡಿಯನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. ಇನ್ಸ್‌ಪೆಕ್ಟರು ಪಾಸು ಮಾಡಿದರೆ ಮತ್ತೆ 5 ವರ್ಷ. ಜನರ ಬಾಯಲ್ಲಿ ಇದಕ್ಕೆ 'ಎಫ್.ಸಿ. ಮಾಡಿಸೋದು' ಅಂತಲೇ ಹೆಸರು.

"ಹದಿನೈದು ವರ್ಷ ಆದಮೇಲೆ ಗುಜರಿಗೇ ಅಂತೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಹೇಳುವವರುಂಟು. ಅದು ದೆಹಲಿ ಕಡೆಯ ಕಥೆ. ಅಲ್ಲಿಯ ಹೊಗೆ ನೋಡಿ 2018ರಲ್ಲಿ ಸುಪ್ರೀಂ ಕೋರ್ಟು 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಕಡಿವಾಣ ಹಾಕಿತ್ತು. ನಮ್ಮ ಕಡೆ ಆ ಮಾತಿಲ್ಲ. ಗಾಡಿ ಗಟ್ಟಿ ಇದ್ದರೆ ಇಪ್ಪತ್ತಲ್ಲ, ನಲವತ್ತು ವರ್ಷವೂ ಓಡಿಸಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಯೆಜ್ಡಿಗಳು ಇವತ್ತಿಗೂ ರಸ್ತೆಯಲ್ಲಿ ಸದ್ದು ಮಾಡುತ್ತಿಲ್ಲವೇ?

ಮಣ್ಣುದಾರಿಗೆಂದೇ ಕಂಪನಿಯವರು ಮಾಡಿದ ಬೈಕುಗಳು ನಮ್ಮಲ್ಲಿ ಕಡಿಮೆ. ಹೀರೊದವರ ಇಂಪಲ್ಸ್ 2011ರಲ್ಲಿ ಬಂತು. ಎತ್ತರದ ಗಾಡಿ, ಕಡ್ಡಿ ಚಕ್ರ, ಉದ್ದನೆಯ ಫೋರ್ಕು, ಮೇಲಕ್ಕೆತ್ತಿದ ಸೈಲೆನ್ಸರು. ಆ ವರ್ಷ ರಿಜಿಸ್ಟರ್ ಆದ ಗಾಡಿಗಳಿಗೆ 2026ಕ್ಕೆ ಹದಿನೈದು ತುಂಬುತ್ತೆ. ಮಾಲೀಕರು ಈಗಲೇ ಆರ್.ಸಿ. ತೆಗೆದು ತಾರೀಕು ನೋಡುವುದು ಒಳ್ಳೆಯದು.

ಎಲ್ಲೆಲ್ಲಿ ಫೇಲು?

ಮೊದಲನೆಯದು ಬ್ರೇಕು. ಮಣ್ಣಲ್ಲಿ ಮುಂದಿನ ಬ್ರೇಕು ಹಿಡಿದರೆ ಜಾರುತ್ತೆ ಅಂತ ಅದನ್ನು ಸಡಿಲ ಬಿಟ್ಟು ಮರೆತವರಿದ್ದಾರೆ. ಪರೀಕ್ಷೆಗೆ ಎರಡೂ ಹಿಡಿಯಬೇಕು. ಡ್ರಮ್ಮಿನೊಳಗೆ ಧೂಳು ಕೂತು ಶೂ ಸವೆದಿರುತ್ತೆ. ಶೂ ಬದಲಾಯಿಸಿ ಕೇಬಲ್ಲಿಗೆ ಎಣ್ಣೆ ಬಿಟ್ಟರೆ ಕೆಲಸ ಮುಗಿಯಿತು.

ಎರಡನೆಯದು ಹ್ಯಾಂಡಲ್ಲಿನ ಕೋನ್‌ಸೆಟ್ಟು ಮತ್ತು ಫೋರ್ಕು. ಗುಂಡಿಗಳ ಏಟು ಬೀಳೋದೆಲ್ಲ ಇಲ್ಲಿಗೇ. ಮುಂದಿನ ಬ್ರೇಕು ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲ್ ಬುಡದಲ್ಲಿ 'ಟಕ್' ಅಂದರೆ ಕೋನ್‌ಸೆಟ್ಟು ಹೋಗಿದೆ ಅಂತ ತಿಳಿಯಿರಿ. ಫೋರ್ಕಿನ ಮೇಲೆ ಎಣ್ಣೆ ಜಿನುಗಿದರೆ ಆಯಿಲ್ ಸೀಲು ಹೋಗಿದೆ. ಆ ಎಣ್ಣೆ ಬ್ರೇಕಿಗೆ ಇಳಿದರಂತೂ ದೇವರೇ ಗತಿ.

ಮೂರನೆಯದು ಚಕ್ರ. ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ತಟ್ಟಿ ನೋಡಿ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತೆ. ದ್ವಿಚಕ್ರ ವಾಹನದ ಟೈರಿನ ಗೀರು 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎಂದು ನಿಯಮವಿದೆ. ಬೋಳು ಟೈರು ಮಳೆಯಲ್ಲಿ ಸೋಪಿನ ಮೇಲೆ ಕಾಲಿಟ್ಟ ಹಾಗೆ.

ನಾಲ್ಕನೆಯದು ದೀಪ. ಹಿಂದಿನ ಲೈಟು, ಬ್ರೇಕು ಲೈಟು, ಇಂಡಿಕೇಟರು, ರಿಫ್ಲೆಕ್ಟರು ಕಲ್ಲುದಾರಿಯಲ್ಲಿ ಮೊದಲು ಉದುರುವ ಸಾಮಾನುಗಳು. ಮಾಲೀಕನಿಗೆ ಬೆನ್ನು ಕಾಣೋಲ್ಲ, ಹಿಂದೆ ಬರೋ ಬಸ್ಸಿನ ಡ್ರೈವರಿಗೆ ಬೇಕಾದದ್ದು ಅದೇ. ಸಂಜೆ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ಕೂತವರಿಗೆ ಈ ಕತ್ತಲೆ ಬೈಕುಗಳ ವಿಷಯ ಬಿಡಿಸಿ ಹೇಳಬೇಕಿಲ್ಲ.

ಐದನೆಯದು ಕಿತ್ತುಹಾಕಿದ್ದು, ಸೇರಿಸಿದ್ದು. ಕ್ಯಾನು ತಗುಲಿಸಲು ಅಡ್ಡ ಅಂತ ಸೀರೆ ಗಾರ್ಡು ಕಿತ್ತಿರುತ್ತಾರೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ತಡೆ ಇರಬೇಕು, ಹಿಡಿಯಲು ಹಿಡಿ, ಕಾಲಿಡಲು ಫುಟ್‌ರೆಸ್ಟು ಇರಬೇಕು ಎಂದು ನಿಯಮ. ಕನ್ನಡಿ ಇಲ್ಲ, ಹಾರನ್ನು ಮಾತ್ರ ಲಾರಿಯದು! ಇದೂ ನಡೆಯೋಲ್ಲ. ಇಂಜಿನ್ ಬದಲಾಯಿಸಿ ಆರ್.ಸಿ.ಯಲ್ಲಿ ಬರೆಸದೆ ಇದ್ದರೆ ಇಂಜಿನ್ ನಂಬರು, ಚಾಸಿಸ್ ನಂಬರು ನೋಡುವಾಗಲೇ ಸಿಕ್ಕಿಬೀಳ್ತೀರಿ. 2019ರ ಏಪ್ರಿಲ್ 1ಕ್ಕೆ ಮುಂಚಿನ ಗಾಡಿಗಳಿಗೂ ಎಚ್.ಎಸ್.ಆರ್.ಪಿ. ನಂಬರ್ ಪ್ಲೇಟು ಹಾಕಿಸಬೇಕೆಂದು 2023ರಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಿದೆ.

ಕೊನೆಯದು ಹೊಗೆ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರಗಳಿಗೆ ಕಾರ್ಬನ್ ಮಾನಾಕ್ಸೈಡು ಶೇ. 4.5ರವರೆಗೆ ರಿಯಾಯಿತಿ ಇದೆ, ಆಮೇಲಿನವಕ್ಕೆ ಶೇ. 3.5. ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗೆ ಆಯಿಲ್ಲು ಹೆಚ್ಚು ಸುರಿದರೆ ಊರೆಲ್ಲ ಹೊಗೆ. ಏರ್ ಫಿಲ್ಟರು ತೊಳೆಸಿ, ಪ್ಲಗ್ ನೋಡಿಸಿ, ಸೈಲೆನ್ಸರಿನ ಕಾರ್ಬನ್ ತೆಗೆಸಿ, ಆಮೇಲೆ ಹೊಗೆ ಪರೀಕ್ಷೆಗೆ ಹೋಗಿ.

ತಡ ಮಾಡಿದರೆ ಜೇಬಿಗೆ ಕತ್ತರಿ

ಈ ಪಟ್ಟಿಯಲ್ಲಿ ಹೆಚ್ಚಿನವು ಮೆಕ್ಯಾನಿಕ್ಕಿನ ಒಂದು ದಿನದ ಕೆಲಸ. ಆದರೂ ಜನ ಮುಂದಕ್ಕೆ ಹಾಕುತ್ತಾರೆ. ಆರ್.ಸಿ. ನವೀಕರಣಕ್ಕೆ ಹಿಂದೆ 300 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್ 1ರಿಂದ 1000 ಆಯಿತು. ತಡವಾದ ಪ್ರತಿ ತಿಂಗಳಿಗೆ 300 ಬೇರೆ. ಅಂದರೆ ಹತ್ತು ತಿಂಗಳು ಸುಮ್ಮನಿದ್ದರೆ ತಡದ ಬಾಬ್ತೇ 3000. ಗಾಡಿಗೆ 20 ವರ್ಷ ದಾಟಿದರೆ ಫೀಸು 2000 ಎಂದು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಗೊತ್ತು ಮಾಡಿತು. ಇದರ ಮೇಲೆ ಹಸಿರು ತೆರಿಗೆ.

ದುಡ್ಡಿನ ಮಾತು ಇರಲಿ. ನಿಜವಾದ ಅಪಾಯ ವಿಮೆಯಲ್ಲಿದೆ. ಪಾಲಿಸಿ ಕಟ್ಟಿದ್ದೀನಿ, ಇನ್ನೇನು ಭಯ ಅನ್ನುವವರು ಕೇಳಿಸಿಕೊಳ್ಳಿ. ತಾತ್ಕಾಲಿಕ ನೋಂದಣಿ ಮುಗಿದಿದ್ದ ಗಾಡಿಯೊಂದು ಕಳುವಾದ ಕೇಸಿನಲ್ಲಿ, ನೋಂದಣಿ ಇಲ್ಲದ ಗಾಡಿಗೆ ವಿಮಾ ಕಂಪನಿ ದುಡ್ಡು ಕೊಡಬೇಕಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾಳೆ ನಿಮ್ಮ ಬೈಕು ಯಾರಿಗಾದರೂ ಬಡಿದರೆ ಕಂಪನಿಯ ವಕೀಲರು ಮೊದಲು ನೋಡೋದು ಆರ್.ಸಿ. ತಾರೀಕನ್ನೇ. ಇಪ್ಪತ್ತು ಸಾವಿರ ಬಾಳದ ಗಾಡಿಗೆ ಎರಡೆಕರೆ ಜಮೀನು ಅಡ ಇಟ್ಟ ಹಾಗಾಗುತ್ತೆ.

ಸಾರಿಗೆ ಇಲಾಖೆಯವರಿಗೂ ಒಂದು ಮಾತು. ಹಾಲು ಹಾಕಿ, ಹೊಲ ನೋಡಿ, ಆಮೇಲೆ ಕಚೇರಿ ಬಾಗಿಲಲ್ಲಿ ದಿನವಿಡೀ ನಿಲ್ಲೋದು ರೈತನಿಗೆ ಒಂದು ದಿನದ ಕೂಲಿ ನಷ್ಟ. ಆ ಹೆದರಿಕೆಗೇ ಆತ ಬ್ರೋಕರನ್ನು ಹುಡುಕುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ವರ್ಷಕ್ಕೆರಡು ದಿನ ಹೋಬಳಿ ಕೇಂದ್ರದಲ್ಲೇ ಇನ್ಸ್‌ಪೆಕ್ಟರು ಬಂದು ಹಳೆ ಗಾಡಿಗಳನ್ನು ನೋಡುವ ಕ್ಯಾಂಪು ನಡೆಸಿದರೆ ಕತ್ತಲೆಯಲ್ಲಿ ದೀಪವಿಲ್ಲದೆ ಓಡುವ ಗಾಡಿಗಳು ಅರ್ಧಕ್ಕರ್ಧ ಕಡಿಮೆಯಾದಾವು.

ಅಲ್ಲಿಯವರೆಗೆ ಓದುಗರು ಒಂದು ಕೆಲಸ ಮಾಡಲಿ. ಇವತ್ತು ಮನೆಗೆ ಹೋದ ಮೇಲೆ ಆರ್.ಸಿ. ತೆಗೆದು ತಾರೀಕು ನೋಡಿ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ ಬ್ರೇಕು ಒತ್ತಿ, ಹಿಂದಿನ ದೀಪ ಹತ್ತಿತಾ ಅಂತ ಮನೆಯವರನ್ನು ಕೇಳಿ.